ಇಲಿಯೊಳಗಿನ ನೀರು: ಒಂದು ಗಂಡು ಬೆಕ್ಕಿನ ಪ್ರಕರಣ

ಪ್ರಕರಣ ನಡೆದದ್ದು ಶಿವಮೊಗ್ಗದ ವಿನೋಬನಗರದಲ್ಲಿ, ಎರಡನೇ ಮಹಡಿಯ ಒಂದು ಮನೆಯಲ್ಲಿ. ಮನೆಯಲ್ಲಿ ಆಗ ಇದ್ದವರು ನಾನು, ನನ್ನ ಹೆಂಡತಿ ಮತ್ತು ನನ್ನ ತಾಯಿ. ಜೂನ್ ಮೊದಲ ವಾರ ಸುಮಾರು ಒಂದೂವರೆ ವರ್ಷದ ಗಂಡು ಬೆಕ್ಕೊಂದನ್ನು ದತ್ತು ತೆಗೆದುಕೊಂಡೆವು. ಅದರ ಆರೋಗ್ಯಕ್ಕೆ ಬೇಕಾದದ್ದನ್ನೆಲ್ಲ ಅದು ಬರುವ ಮೊದಲೇ ಪಟ್ಟಿ ಮಾಡಿ, ಒಂದೊಂದಕ್ಕೂ ಗುರುತು ಹಾಕಿ ಮುಗಿಸಿದ್ದೆವು. ಎಂಟು ತಿಂಗಳ ಬಳಿಕ, ಫೆಬ್ರವರಿಯ ಒಂದು ರಾತ್ರಿ, ಪಟ್ಟಿಯಲ್ಲಿ ಇಲ್ಲದ ಒಂದು ಕಾರಣಕ್ಕೆ ಅದು ಸಾಯುವುದರಲ್ಲಿತ್ತು. ನನ್ನ ಕೆಲಸ ಸಹಕಾರಿ ಸಂಘಗಳ ಲೆಕ್ಕ ತಪಾಸಣೆ. ವೋಚರುಗಳೆಲ್ಲ ಸರಿಯಾಗಿದ್ದು ತಿಜೋರಿ ಮಾತ್ರ ಖಾಲಿ ಇರುವ ಲೆಕ್ಕಗಳನ್ನು ನೋಡಿದ್ದೇನೆ. ನನ್ನ ಮನೆಯ ಬೆಕ್ಕಿನ ಲೆಕ್ಕವೂ ಅದೇ ಜಾತಿಗೆ ಸೇರುತ್ತದೆ ಎಂದು ಗೊತ್ತಾದಾಗ ಸ್ವಲ್ಪ ನಾಚಿಕೆಯೇ ಆಯಿತು.

'ದತ್ತು' ಎಂಬ ಮಾತಿಗೆ ಅಮ್ಮ ನಕ್ಕಿದ್ದಳು. ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿಯ ಮನೆಗೆ ಬೆಕ್ಕನ್ನು ಯಾರೂ ತರುತ್ತಿರಲಿಲ್ಲ. ಅದು ತಾನಾಗಿ ಬರುತ್ತಿತ್ತು, ಅಟ್ಟದ ಮೇಲೆ ಮರಿ ಹಾಕುತ್ತಿತ್ತು, ಒಂದು ದಿನ ಕಾಣೆಯಾಗುತ್ತಿತ್ತು. ಬೆಳಿಗ್ಗೆ ಹಾಲು ಕಾಯಿಸುವಾಗ ಒಲೆಯ ಪಕ್ಕ ಕೂತರೆ ಒಂದು ಗೆರಟೆಯಲ್ಲಿ ಹಾಲು-ಅನ್ನ. ವೈದ್ಯರು, ಲಸಿಕೆ ಎಂಬ ಮಾತೇ ಇಲ್ಲ. ಅಂಥ ಬೆಕ್ಕುಗಳು ಎಷ್ಟು ವರ್ಷ ಬದುಕುತ್ತಿದ್ದವು ಎಂದು ಅಮ್ಮನನ್ನು ಕೇಳಿದೆ. ಲೆಕ್ಕ ಇಟ್ಟವರು ಯಾರು ಎಂದಳು.

ನಾವು ಲೆಕ್ಕ ಇಡುವ ಜಾತಿ. ಬೆಕ್ಕು ಸಿಕ್ಕಿದ್ದು ಬೀದಿ ಪ್ರಾಣಿಗಳನ್ನು ನೋಡಿಕೊಳ್ಳುವ ಒಬ್ಬ ಸ್ವಯಂಸೇವಕಿಯ ಬಳಿ. ಅವರು ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ್ದರು, ಆಸ್ಕರ್ ಎಂದು ಹೆಸರಿಟ್ಟಿದ್ದರು. ಅಮ್ಮ ಒಂದೇ ದಿನದಲ್ಲಿ ಅದನ್ನು ಗುಂಡ ಮಾಡಿದಳು. ಬಂದ ದಿನ ಗುಂಡನ ತೂಕ 3.4 ಕಿಲೋ. ಆ ಹೆಸರು ಅದಕ್ಕೆ ಒಪ್ಪುತ್ತಿರಲಿಲ್ಲ. ಮುಂದೆ ಒಪ್ಪಿತು, ಅದೂ ಈ ಪ್ರಕರಣದ ಒಂದು ಭಾಗ.

ಸಿದ್ಧತೆಯಲ್ಲಿ ಸರಿಯಾಗಿ ನಡೆದದ್ದನ್ನು ಮೊದಲು ದಾಖಲಿಸುತ್ತೇನೆ. ಮನೆಗೆ ಬರುವ ದಾರಿಯಲ್ಲೇ ಪಶುವೈದ್ಯರ ಬಳಿ ಹೋದೆವು. ಎಫ್‌ಐವಿ ಮತ್ತು ಎಫ್‌ಇಎಲ್‌ವಿ ಎಂಬ ಎರಡು ವೈರಸ್‌ಗಳ ರಕ್ತಪರೀಕ್ಷೆ ಆಯಿತು. ಇವು ಬೆಕ್ಕಿನ ರೋಗನಿರೋಧಕ ಶಕ್ತಿಯನ್ನು ಕುಂದಿಸುವಂಥವು, ಮನುಷ್ಯರಿಗೆ ಹರಡುವುದಿಲ್ಲ. ಎರಡೂ ಇಲ್ಲವೆಂದು ಬಂತು. ಜಂತುಹುಳುವಿನ ಔಷಧ, ಎರಡು ವಾರ ಬಿಟ್ಟು ಮತ್ತೊಮ್ಮೆ. ಪ್ಯಾನ್‌ಲ್ಯೂಕೋಪೀನಿಯಾ, ಹರ್ಪಿಸ್, ಕ್ಯಾಲಿಸಿ ಎಂಬ ಮೂರು ವೈರಸ್ ರೋಗಗಳಿಗೂ ಸೇರಿದ ಲಸಿಕೆ ಮೂರು-ನಾಲ್ಕು ವಾರಗಳ ಅಂತರದಲ್ಲಿ ಎರಡು ಬಾರಿ, ಜೊತೆಗೆ ರೇಬಿಸ್ ಲಸಿಕೆ. ಮೊದಲ ಎರಡು ವಾರ ಒಂದೇ ಕೋಣೆಯ ವಾಸ. ಬಾಲ್ಕನಿಗೆ ಬಲೆ. ಇದಕ್ಕೆಲ್ಲ ಆದ ಖರ್ಚು, ಬಲೆಯನ್ನು ಬಿಟ್ಟು, 4,800 ರೂಪಾಯಿ.

ಹೆಚ್ಚು ತಲೆ ಕೆಡಿಸಿದ್ದು ಆಸ್ಪತ್ರೆಯಲ್ಲ, ನಮ್ಮ ಮನೆಯೇ. ಮನುಷ್ಯರ ಯಕೃತ್ತು ಸುಲಭವಾಗಿ ಕರಗಿಸಿ ಹೊರಹಾಕುವ ಕೆಲವು ವಸ್ತುಗಳನ್ನು ಬೆಕ್ಕಿನ ಯಕೃತ್ತು ನಿಭಾಯಿಸಲಾರದು. ಅದಕ್ಕೆ ಬೇಕಾದ ಒಂದು ಕಿಣ್ವ ಬೆಕ್ಕಿನಲ್ಲಿ ಕೆಲಸ ಮಾಡುವುದಿಲ್ಲ. ಜ್ವರಕ್ಕೆ ನಾವು ನುಂಗುವ ಪ್ಯಾರಸಿಟಮಾಲ್‌ನ 500 ಮಿಲಿಗ್ರಾಂನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ನೆಲ ಒರೆಸುವ ಕಪ್ಪು ಫಿನೈಲ್ ಕೂಡ ಇದೇ ಸಾಲಿಗೆ ಸೇರಿದ್ದು. ನಾವು ಫಿನೈಲ್ ಹಾಕಿ ಒರೆಸಿದ ನೆಲದ ಮೇಲೆ ಬೆಕ್ಕು ನಡೆದು, ಆಮೇಲೆ ಕೂತು ಒಂದೊಂದೇ ಪಾದವನ್ನು ನೆಕ್ಕುತ್ತದೆ. ಫಿನೈಲ್ ವಾಸನೆ ಇಲ್ಲದ ಮನೆ ಶುಭ್ರವಾಗಿದೆ ಎಂದು ಅಮ್ಮ ಇವತ್ತಿಗೂ ಪೂರ್ತಿ ನಂಬುವುದಿಲ್ಲ. ಸೀರೆಯ ಮಡಿಕೆಗಳಿಂದ ನುಸಿಗುಳಿಗೆ ಹೊರಗೆ ಹೋಯಿತು. ಪೂಜೆಗೆ ಬರುತ್ತಿದ್ದ ಕಣಗಿಲೆ ಹೂವು ನಿಂತಿತು. ಅದರ ವಿಷ ನೇರ ಹೃದಯಕ್ಕೆ. ಹೂ ಕಟ್ಟುವ ದಾರದ ಉಂಡೆಗೆ ಮುಚ್ಚಳದ ಡಬ್ಬಿ ಬಂತು, ಏಕೆಂದರೆ ನುಂಗಿದ ದಾರ ಕರುಳನ್ನು ನೆರಿಗೆಯಂತೆ ಸುರುಟಿಸಿ ಕೊಯ್ದುಬಿಡಬಲ್ಲದು. ಬಾಯಿಂದಲೋ ಗುದದಿಂದಲೋ ದಾರದ ತುದಿ ಕಂಡರೆ ಎಳೆಯಬಾರದು ಎಂದು ಆಗಲೇ ತಿಳಿದುಕೊಂಡೆ. ಪಕ್ಕದ ಮನೆಯವರು ಪ್ರೀತಿಯಿಂದ ತಂದುಕೊಟ್ಟ ಉಣುಗಿನ ಹನಿ ಔಷಧವನ್ನು ಹಾಗೇ ಹಿಂದಿರುಗಿಸಿದೆ. ಮಂಗನ ಕಾಯಿಲೆಯ ಜಿಲ್ಲೆ ಇದು, ಉಣುಗು ಎಂದರೆ ಇಲ್ಲಿನವರು ಬೆಚ್ಚುವುದು ಸಹಜ. ಆದರೆ ಆ ಸೀಸೆಯಲ್ಲಿದ್ದದ್ದು ಪರ್ಮೆತ್ರಿನ್, ನಾಯಿಗೆ ಮಾಡಿದ್ದು. ನಾಯಿ ಸಹಿಸುವ ಪ್ರಮಾಣದಲ್ಲಿ ಅದು ಬೆಕ್ಕಿನ ಚರ್ಮಕ್ಕೆ ಬಿದ್ದರೆ ನಡುಕ, ಸೆಳವು, ಸಾವು.

ಇಷ್ಟೆಲ್ಲ ತಿಳಿದವನು ಎಡವಿದ್ದು ಊಟದ ತಟ್ಟೆಯಲ್ಲಿ.

ನಮ್ಮದು ಮಾಂಸ, ಮೀನು ಹೊಸಿಲು ದಾಟದ ಮನೆ. ಹಾಲು-ಅನ್ನ ಸಾಕಾಗದೇ ಎಂದು ಅಮ್ಮ ಕೇಳಿದ್ದು ನ್ಯಾಯವೇ, ಅವಳ ಕಣ್ಣೆದುರು ಬೆಕ್ಕುಗಳು ಅದನ್ನೇ ತಿಂದಿದ್ದವು. ಬೆಕ್ಕು ಮಾಂಸವನ್ನೇ ನಂಬಿದ ಪ್ರಾಣಿ. ಟೌರಿನ್ ಎಂಬ ಒಂದು ಪೋಷಕಾಂಶವನ್ನು ನಮ್ಮ ದೇಹ ತಯಾರಿಸಿಕೊಳ್ಳುವ ಹಾಗೆ ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಅಮೆರಿಕದಲ್ಲಿ ಸಿದ್ಧ ಆಹಾರ ತಿನ್ನುತ್ತಿದ್ದ ಬೆಕ್ಕುಗಳ ಹೃದಯ ಸಡಿಲವಾಗಿ ಹಿಗ್ಗಿ ಸಾಯುತ್ತಿದ್ದುದಕ್ಕೆ ಟೌರಿನ್ ಕೊರತೆಯೇ ಕಾರಣವೆಂದೂ, ಅದನ್ನು ಕೊಟ್ಟರೆ ಹೃದಯ ಚೇತರಿಸಿಕೊಳ್ಳುತ್ತದೆಂದೂ 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನ ಪಶುವೈದ್ಯ ಪಾಲ್ ಪಯನ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದರು. ಅಲ್ಲಿಂದೀಚೆಗೆ ಬೆಕ್ಕಿನ ಆಹಾರಕ್ಕೆ ಟೌರಿನ್ ಸಾಕಷ್ಟು ಸೇರಿಸುತ್ತಾರೆ. ಹಾಲಿನ ವಿಷಯವೂ ಅಷ್ಟೇ: ಮರಿತನ ಕಳೆದ ಹೆಚ್ಚಿನ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ, ಹೊಟ್ಟೆ ಕೆಡುತ್ತದೆ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡುತ್ತಿದ್ದುದು ಬಿಸಿಗೆ ಹೆದರಿ. ಓಡಿದ್ದು ಅದರ ಕರುಳಿಗೆ ಒಳ್ಳೆಯದೇ ಆಗಿರಬೇಕು.

ಇದನ್ನೆಲ್ಲ ಅಮ್ಮನಿಗೆ ವಿವರಿಸಿ ರಾಜಿಗೆ ಬಂದೆವು. ರಾಜಿ ಎಂದರೆ ಒಣ ಕಾಳು, ಕಾಳಿನ ಆಕಾರದ ಬೆಕ್ಕಿನ ಸಿದ್ಧ ಆಹಾರ. ಮೊಹರು ಮಾಡಿದ ಚೀಲದಲ್ಲಿ ಬರುತ್ತದೆ, ನೋಡಲು ಮಾಂಸದ ಹಾಗಿಲ್ಲ, ಕೈಗೆ ಅಂಟುವುದಿಲ್ಲ, ಫ್ರಿಜ್ಜಿನಲ್ಲಿ ಇಡಬೇಕಾಗಿಲ್ಲ. ಚೀಲದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಕೋಳಿ ಎಂದಿರುವುದನ್ನು ಅಮ್ಮ ಕೇಳಲಿಲ್ಲ, ನಾನು ಹೇಳಲಿಲ್ಲ. ಅವಳು ಅದಕ್ಕೆ 'ಬೆಕ್ಕಿನ ಅವಲಕ್ಕಿ' ಎಂದು ಹೆಸರಿಟ್ಟಳು. ಬಟ್ಟಲು ಸದಾ ತುಂಬಿರುತ್ತಿತ್ತು, ಪಕ್ಕದಲ್ಲಿ ಒಂದು ಸ್ಟೀಲ್ ಲೋಟದಲ್ಲಿ ನೀರು. ಟೌರಿನ್ ಬಂತು, ಮಡಿ ಉಳಿಯಿತು, ಪಟ್ಟಿಗೆ ಗುರುತು ಬಿತ್ತು.

ಜನವರಿಯ ಹೊತ್ತಿಗೆ ಗುಂಡ 4.9 ಕಿಲೋ. ಸಂತಾನಹರಣವಾದ ಬೆಕ್ಕಿಗೆ ಹಸಿವು ಹೆಚ್ಚು, ಬೇಕಾದ ಶಕ್ತಿ ಕಡಿಮೆ. ತೂಕವನ್ನು ತಿಂಗಳಿಗೊಮ್ಮೆ ನೋಟ್‌ಬುಕ್ಕಿನಲ್ಲಿ ಬರೆಯುತ್ತಲೇ ಇದ್ದೆ. ಬರೆದದ್ದನ್ನು ಓದಲಿಲ್ಲ, ಅಷ್ಟೇ. ತಪಾಸಣೆಗೆ ಹೋದ ಕಡೆ ನಾನು ಗುಮಾಸ್ತರಿಗೆ ಬೈಯುವುದು ಇದಕ್ಕೇ.

ಈ ನಡುವೆ ನನ್ನ ಹೆಂಡತಿ ಗರ್ಭಿಣಿಯಾಗಿದ್ದಳು. ಬೆಕ್ಕನ್ನು ಕೂಡಲೇ ಎಲ್ಲಾದರೂ ಬಿಟ್ಟುಬರಬೇಕೆಂದು ನೆಂಟರಿಷ್ಟರಿಂದ ಫೋನಿನ ಮೇಲೆ ಫೋನು. ಭಯಕ್ಕೆ ಕಾರಣ ಟಾಕ್ಸೋಪ್ಲಾಸ್ಮಾ ಎಂಬ ಪರೋಪಜೀವಿ. ಹೆರಿಗೆ ವೈದ್ಯೆ ನೆಂಟರಷ್ಟು ಗಾಬರಿಯಾಗಲಿಲ್ಲ. ಬೆಕ್ಕು ಮೊದಲ ಸಲ ಸೋಂಕಿಗೆ ಸಿಕ್ಕಾಗ ಒಂದರಿಂದ ಮೂರು ವಾರ ಮಾತ್ರ ಮಲದಲ್ಲಿ ಅದನ್ನು ಹೊರಹಾಕುತ್ತದೆ, ಹೊರಬಿದ್ದದ್ದು ಸೋಂಕು ತರುವ ಸ್ಥಿತಿಗೆ ಬರಲು ಕನಿಷ್ಠ ಒಂದು ದಿನ ಬೇಕು. ಬೆಕ್ಕು ಮಲಮೂತ್ರ ಮಾಡುವ ಟ್ರೇಯನ್ನು ದಿನವೂ ಬೇರೆ ಯಾರಾದರೂ ಶುಚಿ ಮಾಡಲಿ, ಗರ್ಭಿಣಿ ಮುಟ್ಟುವುದು ಬೇಡ, ತರಕಾರಿಯನ್ನು ಚೆನ್ನಾಗಿ ತೊಳೆಯಿರಿ ಎಂದರು. ಮನೆಯೊಳಗೇ ಇದ್ದು ಕಾಳು ತಿನ್ನುವ ಬೆಕ್ಕಿಗಿಂತ ತೋಟದ ಮಣ್ಣು ಮತ್ತು ತೊಳೆಯದ ಸೊಪ್ಪಿನ ಬಗ್ಗೆ ಅವರಿಗೆ ಹೆಚ್ಚು ಚಿಂತೆ ಇದ್ದಂತೆ ಕಂಡಿತು. ಹೀಗೆ ಟ್ರೇಯ ಕೆಲಸ ಹೆಂಡತಿಯಿಂದ ನನಗೆ ಬಂತು. ನಾನು ತಪಾಸಣೆಗೆ ಪರ ಊರಿಗೆ ಹೋದ ದಿನಗಳಲ್ಲಿ ಅಮ್ಮನಿಗೆ.

ಇಲ್ಲಿ ಟ್ರೇಯ ಬಗ್ಗೆ ಎರಡು ಮಾತು ಅಗತ್ಯ. ಟ್ರೇಗೆ ತುಂಬಲು ಅಂಗಡಿಯಲ್ಲಿ ಸಿಗುವ ಬೆಂಟೊನೈಟ್ ಜೇಡಿಮಣ್ಣಿನ ಮೇಲೆ ಮೂತ್ರ ಬಿದ್ದರೆ ಅದು ಗಟ್ಟಿಯಾಗಿ ಉಂಡೆ ಕಟ್ಟುತ್ತದೆ. ಉಂಡೆಯನ್ನು ಮಾತ್ರ ಜಾಲರಿ ಚಮಚದಲ್ಲಿ ಎತ್ತಿ ಬಿಸಾಡಬಹುದು. ನಾನು ಇದನ್ನು ಶುಚಿತ್ವದ ಅನುಕೂಲವೆಂದಷ್ಟೇ ತಿಳಿದಿದ್ದೆ. ಅಮ್ಮ ಅದನ್ನು ಎಣಿಸುತ್ತಿದ್ದಳು. ಬೆಕ್ಕಿನ ಆರೋಗ್ಯದ ಮೇಲೆ ಕಣ್ಣಿಟ್ಟಲ್ಲ, ದೂರುವುದಕ್ಕೆ. "ಇವತ್ತು ಮೂರು ಉಂಡೆ, ಒಂದೊಂದೂ ನಿಂಬೆಹಣ್ಣಿನಷ್ಟು. ಈ ವಯಸ್ಸಿನಲ್ಲಿ ನನಗೆ ಈ ಸೇವೆ" ಎಂದು ರಾತ್ರಿ ಫೋನಿನಲ್ಲಿ ವರದಿ ಬರುತ್ತಿತ್ತು.

ಫೆಬ್ರವರಿಯ ಒಂದು ಶುಕ್ರವಾರ ಸೀಮಂತ. ಗುರುವಾರ ಸಂಜೆಯಿಂದಲೇ ಮನೆ ತುಂಬ ಜನ. ಬಟ್ಟೆ ಒಗೆಯುವ ಬಾಲ್ಕನಿಯಲ್ಲಿ ಹೆಚ್ಚುವರಿ ಗ್ಯಾಸ್ ಒಲೆ ಇಡಬೇಕಿತ್ತು. ಅಲ್ಲಿದ್ದ ಟ್ರೇಯನ್ನು ನಮ್ಮ ಕೋಣೆಯ ಬಚ್ಚಲಿಗೆ ಸಾಗಿಸಿದೆ. ಆ ಬಚ್ಚಲಿಗೆ ದಿನವಿಡೀ ಯಾರಾದರೊಬ್ಬರು ಹೋಗುತ್ತಿದ್ದರು, ಚಿಲಕ ಹಾಕುತ್ತಿದ್ದರು, ಬಿಸಿನೀರು ಸುರಿಯುತ್ತಿದ್ದರು. ಗುಂಡ ಮಂಚದ ಕೆಳಗೆ, ಹಾಸಿಗೆ ಸುರುಳಿಗಳ ಹಿಂದೆ ಸೇರಿಕೊಂಡ. ಮಕ್ಕಳು ಟಾರ್ಚ್ ಬಿಟ್ಟು ನೋಡಿದರು. ಹೆದರಿದ್ದಾನೆ, ಬಿಡಿ, ಎಲ್ಲರೂ ಹೋದ ಮೇಲೆ ಸರಿಹೋಗುತ್ತಾನೆ ಎಂದೆ. ಭಾನುವಾರ ಸಂಜೆ ಕೊನೆಯ ನೆಂಟರು ಹೋದರು. ಹೆಂಡತಿಯೂ ಬಾಣಂತನಕ್ಕೆಂದು ತವರಿಗೆ ಹೊರಟಳು. ಸೋಮವಾರ ಬೆಳಿಗ್ಗೆ ಆರಕ್ಕೆ ನಾನು ಸಾಗರದ ಬಸ್ ಹಿಡಿದೆ.

ಸಂಜೆ ಏಳಕ್ಕೆ ಮರಳಿದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. "ಬೆಳಿಗ್ಗೆ ಒಂದೇ ಉಂಡೆ, ಅಡಿಕೆಯಷ್ಟು. ಆಮೇಲೆ ಏನೂ ಇಲ್ಲ. ಮಧ್ಯಾಹ್ನದಿಂದ ಹೋಗಿ ಹೋಗಿ ಕೂರುತ್ತದೆ."

ನಾನು ನೋಡಿದೆ. ಗುಂಡ ಟ್ರೇಗೆ ಹೋಗಿ ಕುಕ್ಕರಿಸಿ, ಬೆನ್ನು ಬಾಗಿಸಿ ತಿಣುಕಿದ. ಹೊರಬಂದು ಹಿಂಗಾಲಿನ ನಡುವೆ ನೆಕ್ಕಿಕೊಂಡ. ಎರಡು ನಿಮಿಷಕ್ಕೆ ಮತ್ತೆ ಹೋದ. ಅರ್ಧ ಗಂಟೆಯಲ್ಲಿ ಒಂಬತ್ತು ಸಲ. ಕೊನೆಯ ಸಲ ತಗ್ಗಿದ ದನಿಯಲ್ಲಿ ಕೂಗಿದ. ಹಸಿವಿಗೂ ಜಗಳಕ್ಕೂ ಕೂಗುವ ದನಿ ಅದಲ್ಲ. ಆಮೇಲೆ ನೊರೆ ನೊರೆಯಾಗಿ ವಾಂತಿ.

"ಮಲಬದ್ಧತೆ" ಎಂದೆ ನಾನು. ನೆಂಟರು ಎಸೆದ ಏನನ್ನಾದರೂ ತಿಂದಿರಬೇಕು. ಪಕ್ಕದ ಮನೆಯವರು ಹರಳೆಣ್ಣೆಯ ಸೀಸೆ ತಂದರು. ಇನ್ನೊಬ್ಬರು ನೋವಿಗೆ ಕಾಲು ಮಾತ್ರೆ ಪ್ಯಾರಸಿಟಮಾಲ್ ಕೊಡಿ ಎಂದರು. ಅದನ್ನು ತಡೆಯುವಷ್ಟು ಬುದ್ಧಿ ಪಟ್ಟಿಯ ದೆಸೆಯಿಂದ ಉಳಿದಿತ್ತು. ಹರಳೆಣ್ಣೆಯನ್ನು ಚಮಚಕ್ಕೆ ಬಗ್ಗಿಸಿದ್ದೆ.

ಅಮ್ಮ ಚಮಚ ಕಿತ್ತುಕೊಂಡಳು. "ಮಲ ನಿನ್ನೆ ಸರಿಯಾಗಿಯೇ ಆಗಿದೆ, ಎತ್ತಿ ಹಾಕಿದವಳು ನಾನು. ಇಲ್ಲದ್ದು ಉಚ್ಚೆ."

ಈ ಪ್ರಕರಣದಲ್ಲಿ ಸರಿಯಾದ ರೋಗನಿದಾನ ಮೊದಲು ನಡೆದದ್ದು ಇಲ್ಲಿ, ಬಚ್ಚಲಿನ ಬಾಗಿಲಲ್ಲಿ.

ಲಸಿಕೆ ಹಾಕಿಸಿದ್ದ ಖಾಸಗಿ ಚಿಕಿತ್ಸಾಲಯಕ್ಕೆ ಫೋನ್ ಮಾಡಿದೆ. ಎತ್ತಿದವರು ಮಲಬದ್ಧತೆ ಇರಬಹುದು, ಬೆಳಿಗ್ಗೆ ಹತ್ತಕ್ಕೆ ತನ್ನಿ ಎಂದರು. ಅವರಿಗೆ ನಾನು ಹೇಳಿದ್ದೂ ಹಾಗೇ ಇತ್ತು, 'ತಿಣುಕುತ್ತಿದೆ' ಎಂದಷ್ಟೇ. ಆಮೇಲೆ ಬೆಕ್ಕು ಕೊಟ್ಟ ಸ್ವಯಂಸೇವಕಿಗೆ ಫೋನ್. ಅವರು ಕೇಳಿದ್ದು ಎರಡೇ ಪ್ರಶ್ನೆ: ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ, ಹೊಟ್ಟೆ ಮುಟ್ಟಿದರೆ ಬಿಡುತ್ತದೆಯೇ. ಉತ್ತರ ಕೇಳಿ, "ಬೆಳಿಗ್ಗೆವರೆಗೆ ಕಾದರೆ ಅದು ಉಳಿಯುವುದಿಲ್ಲ, ಈಗಲೇ ಹೊರಡಿ" ಎಂದು ರಾತ್ರಿ ಬಾಗಿಲು ತೆರೆಯುವ ಇನ್ನೊಬ್ಬ ವೈದ್ಯರ ವಿಳಾಸ ಹೇಳಿದರು. ಪಶುವೈದ್ಯಕೀಯ ಕಾಲೇಜೇ ಇರುವ ಊರು ನಮ್ಮದು. ಎಂಟು ತಿಂಗಳಲ್ಲಿ ಒಂದು ದಿನವಾದರೂ, ರಾತ್ರಿ ಬೆಕ್ಕನ್ನು ನೋಡುವವರು ಯಾರು ಎಂದು ವಿಚಾರಿಸಿರಲಿಲ್ಲ. ಬೆಕ್ಕನ್ನು ಒಯ್ಯುವ ಪ್ಲಾಸ್ಟಿಕ್ ಪೆಟ್ಟಿಗೆ ಅಟ್ಟದ ಮೇಲೆ, ದೀಪಾವಳಿಯ ಆಕಾಶಬುಟ್ಟಿಯ ಹಿಂದೆ ಇತ್ತು. ಅದನ್ನು ಇಳಿಸಲು ಹದಿನೈದು ನಿಮಿಷ ಹೋಯಿತು.

ಒಂಬತ್ತು ಗಂಟೆಗೆ ವೈದ್ಯರು ಗುಂಡನ ಹೊಟ್ಟೆಯ ಮೇಲೆ ಎರಡು ಬೆರಳಿಟ್ಟರು. ನನ್ನ ಕೈಯನ್ನೂ ಹಿಡಿದು ಮುಟ್ಟಿಸಿದರು. ಒಳಗೆ ಕಿತ್ತಳೆಯಷ್ಟು ದೊಡ್ಡ, ಕಲ್ಲಿನಷ್ಟು ಬಿಗಿಯಾದ ಒಂದು ಗೋಳ. ಮೂತ್ರಕೋಶ. ಗಂಡು ಬೆಕ್ಕಿನ ಮೂತ್ರನಾಳ ತುದಿಗೆ ಬರುತ್ತ ಬರುತ್ತ ತೀರ ಸಣ್ಣದಾಗುತ್ತದೆ. ಹೆಣ್ಣಿನದು ಗಿಡ್ಡ ಮತ್ತು ಅಗಲ, ಅದಕ್ಕೆ ಹೀಗಾಗುವುದು ಅಪರೂಪ. ಮಂದವಾದ ಮೂತ್ರದಲ್ಲಿ ಹರಳುಗಟ್ಟಿದ ಲವಣ, ಉರಿಯೂತದಿಂದ ಬಂದ ಲೋಳೆ, ಎರಡೂ ಸೇರಿ ಮರಳಿನಂಥ ಬಿರಡೆಯಾಗಿ ಆ ತುದಿಯಲ್ಲಿ ಸಿಕ್ಕಿಕೊಂಡಿದ್ದವು. ಹೊರಹೋಗಬೇಕಾದ ವಿಷ ರಕ್ತಕ್ಕೇ ಮರಳುತ್ತದೆ. ಅದರಲ್ಲೂ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತ ಹದಗೆಟ್ಟು ನಿಂತೇಹೋಗುತ್ತದೆ. ಪೂರ್ತಿ ಕಟ್ಟಿಕೊಂಡ ಬೆಕ್ಕಿಗೆ ಇರುವ ಅವಧಿ ಒಂದೆರಡು ದಿನ, ಹೆಚ್ಚೆಂದರೆ ಮೂರು. ಗುಂಡನ ಪೊಟ್ಯಾಸಿಯಂ 7.1 ಇತ್ತು, 5.5ರ ಒಳಗಿರಬೇಕಾದದ್ದು.

ಹೃದಯ ಕಾಯಲು ಮೊದಲು ಕ್ಯಾಲ್ಸಿಯಂ ಚುಚ್ಚುಮದ್ದು ಮತ್ತು ಡ್ರಿಪ್. ಆಮೇಲೆ ಅರಿವಳಿಕೆ, ಅದರ ನಂತರ ಕೂದಲಿಗಿಂತ ತುಸುವೇ ದಪ್ಪವೆನಿಸುವ ಕ್ಯಾತಿಟರ್ ಎಂಬ ಕೊಳವೆಯನ್ನು ತೂರಿಸಿ, ಲವಣದ ನೀರನ್ನು ಮೆಲ್ಲನೆ ತಳ್ಳುತ್ತ ಬಿರಡೆಯನ್ನು ಹಿಂದಕ್ಕೆ ಸರಿಸುವ ಕೆಲಸ. ನಲವತ್ತು ನಿಮಿಷ ಹಿಡಿಯಿತು. ನಾನು ಹೊರಗೆ ಬೆಂಚಿನ ಮೇಲಿದ್ದೆ. ಒಳಗಿನಿಂದ ಸ್ಟೀಲ್ ಟ್ರೇಗೆ ಏನೋ ಹನಿಯುವ ಸದ್ದು ಕೇಳಿತು. ಯಾರದೋ ಮೂತ್ರದ ಸದ್ದಿಗೆ ಅಷ್ಟು ಸಮಾಧಾನಪಟ್ಟದ್ದು ನನ್ನ ಜೀವನದಲ್ಲಿ ಅದೇ ಮೊದಲು. ಮೊದಲಿಗೆ ಬಂದದ್ದು ದಾಸವಾಳದ ಬಣ್ಣದ್ದು. ಎರಡು ದಿನ ಕ್ಯಾತಿಟರ್, ನಾಲ್ಕು ದಿನ ಡ್ರಿಪ್ಪಿನ ಓಡಾಟ, ರಕ್ತಪರೀಕ್ಷೆ ಮೂರು ಸಲ. ಒಟ್ಟು 14,600 ರೂಪಾಯಿ. ದತ್ತು ದಿನದ ಖರ್ಚಿನ ಮೂರು ಪಟ್ಟು.

ಕಾರಣ ಒಂದೇ ಎಂದು ವೈದ್ಯರು ಹೇಳಲಿಲ್ಲ, ನಾನೂ ಹೇಳಬಾರದು. ಒಣ ಕಾಳು ತಿನ್ನುವ ಎಲ್ಲ ಗಂಡು ಬೆಕ್ಕುಗಳಿಗೂ ಹೀಗಾಗುವುದಿಲ್ಲ. ಬೊಜ್ಜು, ಗಾಬರಿ, ಜಾಗ ಬದಲಾದ ಟ್ರೇ, ಮೂರು ದಿನ ಮೂತ್ರವನ್ನು ತಡೆದು ತಡೆದು ಮಂಚದ ಕೆಳಗೆ ಕೂತದ್ದು, ಎಲ್ಲವೂ ಸೇರಿದವು. ಬೆಕ್ಕಿನ ಮೂತ್ರಕೋಶಕ್ಕೂ ಅದರ ಮನಸ್ಸಿಗೂ ನೇರ ಸಂಬಂಧವಿದೆಯಂತೆ. ಸೋಂಕಾಗಲಿ ಕಲ್ಲಾಗಲಿ ಇಲ್ಲದೆ, ಬರೀ ಕಳವಳದಿಂದಲೇ ಅದು ಉರಿಯೂತಕ್ಕೆ ಒಳಗಾಗಬಹುದು. ಸೀಮಂತ ನಮಗೆ ಮಂಗಳಕಾರ್ಯ, ಗುಂಡನಿಗೆ ಅದು ಪರಚಕ್ರದ ದಾಳಿ.

ಆದರೆ ನನ್ನನ್ನು ಕಾಡಿದ್ದು ವೈದ್ಯರು ನಡುವೆ ಆಡಿದ ಒಂದು ಮಾತು. ಏನು ಕೊಡುತ್ತೀರಿ ಎಂದರು, ಕಾಳು ಎಂದೆ. ನೀರು ಎಷ್ಟು ಕುಡಿಯುತ್ತದೆ ಎಂದರು. ಲೋಟ ಇಟ್ಟಿದ್ದೇವೆ ಎಂದೆ. "ಇಲಿ ತಿನ್ನುವ ಬೆಕ್ಕಿಗೆ ನೀರು ಇಲಿಯೊಳಗೇ ಇರುತ್ತದೆ. ನಿಮ್ಮ ಬೆಕ್ಕಿಗೆ ಎಲ್ಲಿದೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಚೀಟಿ ಬರೆಯತೊಡಗಿದರು.

ಮನೆಗೆ ಬಂದು ಲೆಕ್ಕ ಹಾಕಿದೆ. ಬೆಕ್ಕಿನ ಪೂರ್ವಜ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣನಾಡಿನ ಕಾಡುಬೆಕ್ಕು. ಬಾಯಾರಿಕೆ ಕಡಿಮೆ, ಮೂತ್ರವನ್ನು ಮಂದಗೊಳಿಸಿ ನೀರು ಉಳಿಸುವ ಕಿಡ್ನಿ. ಬೇಟೆಯ ಇಲಿಯ ದೇಹದಲ್ಲಿ ಸುಮಾರು ಮೂರನೇ ಎರಡು ಭಾಗ ನೀರೇ. ಒಣ ಕಾಳಿನಲ್ಲಿ ಇರುವುದು ನೂರಕ್ಕೆ ಹತ್ತು ಭಾಗ. ಗುಂಡ ದಿನಕ್ಕೆ ತಿನ್ನುತ್ತಿದ್ದ 70 ಗ್ರಾಂ ಕಾಳಿನಿಂದ ಅವನಿಗೆ ಸಿಗುತ್ತಿದ್ದದ್ದು 7 ಮಿಲಿಲೀಟರ್, ಒಂದೂವರೆ ಟೀ ಚಮಚ. ಅಷ್ಟೇ ಶಕ್ತಿ ಕೊಡುವ, ನೀರಿನಂಶ ಉಳಿಸಿಕೊಂಡ ಒದ್ದೆ ಸಿದ್ಧ ಆಹಾರದಲ್ಲಿ 200 ಮಿಲಿಲೀಟರಿಗೂ ಹೆಚ್ಚು ನೀರು. ಕಾಳು ತಿನ್ನುವ ಬೆಕ್ಕು ಲೋಟದಿಂದ ಹೆಚ್ಚು ಕುಡಿಯುವುದು ನಿಜ, ಆದರೆ ಅಷ್ಟು ದೊಡ್ಡ ಬಾಕಿ ತುಂಬುವಷ್ಟಲ್ಲ. ಅಜ್ಜಿಯ ಮನೆಯ ಬೆಕ್ಕುಗಳು ಹಾಲು-ಅನ್ನದಿಂದ ಬದುಕಿರಲಿಲ್ಲ. ಅದು ಅವುಗಳ ಕಾಫಿ-ತಿಂಡಿ; ಊಟ ಕಣಜದಲ್ಲಿತ್ತು. ಟೌರಿನ್ನೂ ನೀರೂ ಒಂದೇ ಇಲಿಯೊಳಗೆ ಸಿಗುತ್ತಿದ್ದವು. ಇಲಿಯನ್ನು ಕಸಿದುಕೊಂಡ ನಾವು ಟೌರಿನ್ನನ್ನು ಮಾತ್ರ ಚೀಲದಲ್ಲಿ ಹಿಂದಿರುಗಿಸಿದ್ದೆವು.

ಚೀಟಿಯಲ್ಲಿ ಇದ್ದದ್ದು ಈ ಒದ್ದೆ ಆಹಾರ. ಹರಳು ಕರಗಿಸಲೆಂದೇ ಮಾಡಿದ ಪೌಚ್‌ಗಳು. ಕತ್ತರಿಸಿದ ಕೂಡಲೇ ಯಾವ ಸಂಶಯಕ್ಕೂ ಎಡೆಯಿಲ್ಲದ ವಾಸನೆ. ಅವಲಕ್ಕಿ ಎಂದು ಕರೆದು ಒಳಗೆ ಬಿಟ್ಟುಕೊಳ್ಳುವ ಹಾಗಿರಲಿಲ್ಲ. ಸಸ್ಯಾಹಾರಿ ಬೆಕ್ಕಿನ ಕಾಳು ಸಿಗುತ್ತದಂತೆ ಎಂದು ಒಬ್ಬ ಹಿತೈಷಿ ಸೂಚಿಸಿದರು. ಸೇರಿಸಿದ ಟೌರಿನ್ ಅದರಲ್ಲೂ ಇರಬಹುದು, ಆದರೆ ಸಸ್ಯಮೂಲದ ಆಹಾರ ಮೂತ್ರವನ್ನು ಕ್ಷಾರದ ಕಡೆಗೆ ಒಯ್ಯುತ್ತದೆ, ಈ ಜಾತಿಯ ಹರಳಿಗೆ ಬೇಕಾದದ್ದೂ ಅದೇ. ಈ ಬೆಕ್ಕಿನ ಮೇಲೆ ಆ ಪ್ರಯೋಗ ಬೇಡ ಎಂದು ವೈದ್ಯರು ಕಡ್ಡಿ ಮುರಿದಂತೆ ಹೇಳಿದರು. ಮನೆಯ ವ್ರತವನ್ನು ಮನೆಯವರು ಪಾಲಿಸಬೇಕು, ಬೆಕ್ಕಿನ ಮೇಲೆ ಹೇರಬಾರದು ಎಂಬುದು ಈಗ ನನ್ನ ಅಭಿಪ್ರಾಯವೂ ಹೌದು. ಅದಾಗದಿದ್ದರೆ ಮೊಲ ಸಾಕಬಹುದು.

ಅಮ್ಮನ ಮುಂದೆ ಪೌಚ್ ಇಟ್ಟು, ಕಾಳಿನ ಚೀಲದ ಸಣ್ಣ ಅಕ್ಷರಗಳನ್ನೂ ಓದಿ ಹೇಳಿಬಿಟ್ಟೆ. ಗೊತ್ತಿತ್ತು ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ನಿನ್ನ ಅಜ್ಜಿಯ ಮನೆಯ ಬೆಕ್ಕು ಹಿಡಿದ ಇಲಿಯನ್ನು ದೇವರ ಮನೆಯ ಹೊಸಿಲಿಗೇ ತಂದು ಇಡುತ್ತಿತ್ತು. ಅದಕ್ಕೆ ಯಾರೂ ಮಡಿ ಹೇಳಿಕೊಡಲಿಲ್ಲ. ಬಾಲ್ಕನಿಯಲ್ಲಿ ಅದರ ಅಡುಗೆ ಅದಕ್ಕೆ ಇರಲಿ. ಚಮಚ ಮಾತ್ರ ಒಳಗೆ ಬರಕೂಡದು" ಎಂದಳು. ಬಾಲ್ಕನಿಯಲ್ಲಿ ಈಗ ಒಂದು ಮೊಳದ ಶೆಲ್ಫು: ಎರಡು ಚಮಚ, ಒಂದು ಕತ್ತರಿ, ಬೇರೆ ನಾರು, ಬೇರೆ ಸೋಪು. ತೆರೆದ ಪೌಚ್ ಇಡಲು ಒಂದು ಹಳೆಯ ಪುಟ್ಟ ಫ್ರಿಜ್ಜನ್ನೂ ಕೊಂಡೆ. ಅದರ ಬೆಲೆಯನ್ನು ಇಲ್ಲಿ ನಮೂದಿಸುವುದಿಲ್ಲ.

ಉಳಿದ ಬದಲಾವಣೆಗಳು ಸಣ್ಣವು. ನೀರಿನ ಲೋಟದ ಬದಲು ಅಗಲ ಬಾಯಿಯ ಮೂರು ಪಿಂಗಾಣಿ ಬಟ್ಟಲು, ಊಟದಿಂದ ದೂರ, ಮೂರು ಕಡೆ. ಗುಂಡ ಕುಡಿಯುವುದು ಹೆಚ್ಚಾಗಿ ತುಳಸಿಕಟ್ಟೆಯ ಪಕ್ಕದ ಬಟ್ಟಲಿನಿಂದ, ಕಾರಣ ತಿಳಿಯದು. ಟ್ರೇ ಎರಡಾದವು, ಜಾಗ ಬದಲಾಗುವುದಿಲ್ಲ. ಊಟ ಅಳತೆಯದು, ಹೊತ್ತಿಗೆ ಸರಿಯಾಗಿ. ಒಯ್ಯುವ ಪೆಟ್ಟಿಗೆ ಹಾಲ್‌ನಲ್ಲೇ ಬಾಗಿಲು ತೆರೆದು ಬಿದ್ದಿರುತ್ತದೆ, ಒಳಗೊಂದು ಹಳೆಯ ಟವೆಲು. ಮಧ್ಯಾಹ್ನ ಅವನು ಮಲಗುವುದು ಅಲ್ಲಿಯೇ. ರಾತ್ರಿ ನೋಡುವ ಇಬ್ಬರು ವೈದ್ಯರ ಸಂಖ್ಯೆ ಗ್ಯಾಸ್ ಏಜೆನ್ಸಿಯ ಸಂಖ್ಯೆಯ ಕೆಳಗೆ ಗೋಡೆಯ ಮೇಲಿದೆ. ಇದು ಮರುಕಳಿಸುವ ಕಾಯಿಲೆ ಎಂದು ವೈದ್ಯರು ಮೊದಲೇ ಎಚ್ಚರಿಸಿದ್ದಾರೆ. ಮತ್ತೆ ಮತ್ತೆ ಕಟ್ಟಿಕೊಂಡರೆ ಮೂತ್ರನಾಳದ ತುದಿಯನ್ನೇ ತೆಗೆದು ಅಗಲದ ದಾರಿ ಮಾಡುವ ಶಸ್ತ್ರಚಿಕಿತ್ಸೆ ಉಂಟು. ಅದಕ್ಕೆಂದು ತಿಂಗಳಿಗೆ ಸಾವಿರ ರೂಪಾಯಿಯ ಒಂದು ಆರ್‌ಡಿ ತೆರೆದಿದ್ದೇನೆ. ಖಾತೆಯ ಉದ್ದೇಶ ಕೇಳಿದ ಸಹೋದ್ಯೋಗಿಗೆ ಮಗುವಿನ ವಿದ್ಯಾಭ್ಯಾಸ ಎಂದೆ.

ಏಪ್ರಿಲ್‌ನಲ್ಲಿ ಒಂದು ಸುಳ್ಳು ಗಾಬರಿಯಾಯಿತು. ಬೆಳಿಗ್ಗೆ ಉಂಡೆಯೇ ಇಲ್ಲ. ಹತ್ತು ನಿಮಿಷದಲ್ಲಿ ಪೆಟ್ಟಿಗೆ ಸಮೇತ ಮೆಟ್ಟಿಲಿಳಿದಿದ್ದೆ. ವೈದ್ಯರು ಹೊಟ್ಟೆ ಮುಟ್ಟಿ, ಮೂತ್ರಕೋಶ ಖಾಲಿಯಿದೆ ಎಂದರು. ಮನೆಗೆ ಬಂದು ಹುಡುಕಿದಾಗ ಒಗೆಯಲು ಗುಡ್ಡೆ ಹಾಕಿದ್ದ ನನ್ನ ಪ್ಯಾಂಟುಗಳ ಮೇಲೆ ಸಿಕ್ಕಿತು.

ಹೆಂಡತಿ ಮತ್ತು ಮಗಳು ಮರಳಿದ್ದು ಹೆರಿಗೆಯಾಗಿ ಐದನೇ ತಿಂಗಳಿಗೆ. ಈ ಸಲ ಸಿದ್ಧತೆ ಬೇರೆ ಬಗೆಯದು. ಮಗು ಬರುವ ಎರಡು ವಾರ ಮೊದಲೇ ತವರಿನಿಂದ ಮಗುವಿನ ಹೊದಿಕೆಯೊಂದನ್ನು ತರಿಸಿ ಹಾಲ್‌ನಲ್ಲಿ ಹಾಸಿದೆವು. ತೊಟ್ಟಿಲನ್ನು ಮುಂಚೆಯೇ ಕಟ್ಟಿ, ಅದರ ಮೇಲೆ ಬಲೆ ಬಿಗಿದೆವು. ನಾಮಕರಣಕ್ಕೆ ಬಂದ ನೆಂಟರಿಗೆ ಬಾಲ್ಕನಿಯ ಬಾಗಿಲು ಮುಚ್ಚಿತ್ತು. ಅಡುಗೆಯನ್ನು ಹೊರಗಿನವರಿಂದ ತರಿಸಿದೆವು. ಯಾಕೆ ಎಂದು ಕೇಳಿದ ಅತ್ತಿಗೆಗೆ ಅಮ್ಮನೇ ಉತ್ತರ ಕೊಟ್ಟಳು. ಅದು ಏನೆಂದು ನನಗೆ ಕೇಳಿಸಲಿಲ್ಲ, ಅತ್ತಿಗೆ ಮತ್ತೆ ಕೇಳಲಿಲ್ಲ.

ಗುಂಡನ ತೂಕ ಈಗ 4.2. ನೋಟ್‌ಬುಕ್ಕಿನ ಬಲಬದಿಯ ಕಲಂ ನನ್ನದಲ್ಲ. ನಾನು ಊರಲ್ಲಿದ್ದರೂ ಇಲ್ಲದಿದ್ದರೂ ಅಮ್ಮ ಅದನ್ನು ನನ್ನ ಕೈಗೆ ಬಿಡುವುದಿಲ್ಲ. ಪೆನ್ಸಿಲ್ಲಿನಲ್ಲಿ, ಹಾಲಿನವನ ಲೆಕ್ಕ ಬರೆಯುವ ಅದೇ ಅಕ್ಷರದಲ್ಲಿ, ನಿನ್ನೆಯ ದಿನಾಂಕದ ಮುಂದೆ ಹೀಗಿದೆ: "ಉಂಡೆ 4. ಎರಡು ನಿಂಬೆ, ಒಂದು ಅಡಿಕೆ, ಒಂದು ಮಗುವಿನ ಬಟ್ಟೆಯ ಮೇಲೆ."